ಬೀರಮ್ಮಜ್ಜಿಯ ಹೆಸರಿನ ಬಾಟಲಿ

ಕಡಲು ಏರಿದ ಇನ್ನೂರ ಹನ್ನೆರಡನೆಯ ವರ್ಷ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ
ಕುಮಟೆಯ ಕಡಲಗೋಡೆ

ನಮಗಿಂತ ಮೊದಲು ಬದುಕಿದವರೇ,

ನಿಮ್ಮ ಪಂಚಾಂಗದಲ್ಲಿ ಈ ದಿನವಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಎಲುಬುಗಳು ಮಾತ್ರ ನಿಮ್ಮಂಥವೇ.

ನಮ್ಮ ಊರನ್ನು ಸಮುದ್ರದಿಂದ ಕಾಯುವುದು ಒಂದು ಕಲ್ಲಿನ ಗೋಡೆ. ಅದರಲ್ಲಿ ಯಾವ ಕಲ್ಲು ಸಡಿಲಾಗುತ್ತಿದೆಯೆಂದು ಅಂಗೈಯಿಟ್ಟು ಹೇಳಬಲ್ಲವಳು ನನ್ನ ಅಜ್ಜಿ ಬೀರಮ್ಮ. ವಯಸ್ಸು ಎಪ್ಪತ್ತೊಂದು. ಇಲ್ಲಿ ಅರವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ಬೆಳಗಿನ ಮೂತ್ರವನ್ನು ಬಾಟಲಿಯಲ್ಲಿ ಹಿಡಿದು ಎಲುಬಿನ ಗಟ್ಟಿತನ ಪರೀಕ್ಷಿಸುವ ಎಲುಬುಮನೆಗೆ ಕೊಡಬೇಕು. ಎಲುಬಿನೊಳಗೆ ಕೊಲಾಜೆನ್ ಎಂಬ ನಾರಿನ ನೇಯ್ಗೆಯಿದೆ. ಅದು ಬಿಚ್ಚಿಕೊಂಡಾಗ ಉದುರುವ ಚೂರುಗಳಿಗೆ ನಾವು ನಾರುಪುಡಿ ಎನ್ನುತ್ತೇವೆ. ಪುಡಿ ಅವರು ಎಳೆದ ಗೆರೆ ಮೀರಿದರೆ ಗೋಡೆಯ ಕೆಲಸ ಬಿಡಬೇಕು.

"ನನ್ನ ಮೂಳೆ ಸುದ್ದಿ ಬಾಟ್ಲಿ ಹತ್ರ ಎಂತಕ್ಕೆ ಕೇಳೂದು? ನನ್ನೇ ಕೇಳೂಕಾಗ್ದಾ?" ಎಂದು ಅಜ್ಜಿ ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಕಳೆದ ವರ್ಷವೇ ಅವಳು ಗೆರೆಯ ಅಂಚಿಗೆ ಬಂದಿದ್ದಳು. ಅದಕ್ಕೇ ಈ ಸಲ ಅವಳಿಗೆ ತಿಳಿಯದಂತೆ ಬಾಟಲಿ ಬರಿದುಮಾಡಿ, ನನ್ನದನ್ನು ತುಂಬಿ ಕೊಟ್ಟೆ. ನನಗೆ ಹದಿನಾಲ್ಕು. ಎಳೆಯ ಎಲುಬು ಉದುರುವುದಿಲ್ಲವೆಂದು ನಂಬಿದ್ದೆ.

ಊರಿನಲ್ಲೇ ಅತಿ ಹೆಚ್ಚು ಪುಡಿ ಆ ಬಾಟಲಿಯಲ್ಲಿ ಸಿಕ್ಕಿತು. ನಾಳೆ ಅಜ್ಜಿ ಕಲ್ಲು ಕೆತ್ತುವ ತನ್ನ ಉಳಿಯನ್ನು ಸಭೆಗೆ ಒಪ್ಪಿಸಿ ಗೋಡೆಯಿಂದ ಇಳಿಯಬೇಕಂತೆ.

ನಿಮ್ಮ ಕಾಲದ ಕಿರುಹೊತ್ತಗೆಗಳು ನನ್ನ ಬಳಿ ಒಂದು ಡಬ್ಬಿಯಷ್ಟಿವೆ. ಹುಡುಕಿ ಓದಿದೆ. ಬೆಳೆಯುವ ಎಲುಬು ಹಳೆಯ ನಾರನ್ನು ಭರದಿಂದ ಕೆಡವುತ್ತದೆ, ಅದಕ್ಕಿಂತ ಭರದಿಂದ ಹೊಸದನ್ನು ನೇಯುತ್ತದೆ. ನಡುವಯಸ್ಸಿನಲ್ಲಿ ಎರಡೂ ನಿಧಾನ. ಮುಪ್ಪಿನಲ್ಲಿ ಕೆಡವುವುದು ಮುಂದಾಗಿ ನೇಯುವುದು ಹಿಂದೆ ಬೀಳುತ್ತದೆ. ಉಳಿದ ನಾರಿಗೆ ರಕ್ತದಲ್ಲಿನ ಸಕ್ಕರೆ ಅಂಟಿ ಅದು ಬಾಗುವುದನ್ನು ಮರೆಯುತ್ತದೆ. ಅಜ್ಜಿಗೆ ಮುಪ್ಪಿಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಎಲುಬುಮನೆ ಎಣಿಸುವುದು ಕೆಡವಿದ್ದನ್ನು ಮಾತ್ರ, ನೇಯ್ದದ್ದನ್ನಲ್ಲ. ಎಳೆಯರ ಬಾಟಲಿಯನ್ನು ಅವರು ಒಂದು ದಿನವೂ ಕೇಳಿಲ್ಲ, ಆದ್ದರಿಂದ ಈ ತಪ್ಪು ಯಾರ ಕಣ್ಣಿಗೂ ಬಿದ್ದಿಲ್ಲ.

ಅಜ್ಜಿಗೆ ಎಲ್ಲವನ್ನೂ ಹೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾರೆ ನನ್ಕಿಂತ ನೀನೇ ಮುದ್ಕಿ! ಕೋಲು ಕೊಡ್ಲನೇ?" ಎಂದಳು. ಆಮೇಲೆ ಉಳಿಯನ್ನು ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಬಾಟಲಿ ಬದಲಿಸಿದವರು ಮತ್ತೆ ಗೋಡೆ ಹತ್ತುವಂತಿಲ್ಲ. ನಾನೂ ಅಷ್ಟೇ, ಗೊತ್ತು. ಆದರೂ ನಾಳೆ ಊರ ಸಭೆಯ ಮುಂದೆ ಅಜ್ಜಿಯದೊಂದು ನನ್ನದೊಂದು ಎರಡು ಬಾಟಲಿ ಇಡುತ್ತೇನೆ, ಒಂದೊಂದರ ಮೇಲೆ ಅವರವರ ಹೆಸರು ಬರೆದು. ಪುಡಿ ನೋಡಿಯೇ ಇಳಿಸುವುದಾದರೆ ಮೊದಲು ನನ್ನನ್ನು ಮುದುಕಿಯೆಂದು ಬರೆದುಕೊಳ್ಳಲಿ.

ನೀವು ಇನ್ನೂ ಆ ಗೆರೆ ಎಳೆದಿಲ್ಲ. ಎಳೆಯುವ ಮೊದಲು ಮನಸ್ಸಿನಲ್ಲಾದರೂ ಒಮ್ಮೆ ಗೋಡೆಗೆ ಬನ್ನಿ, ಅಜ್ಜಿಯ ಅಂಗೈ ಪಕ್ಕದಲ್ಲಿ ನಿಮ್ಮ ಅಂಗೈಯಿಟ್ಟು ಯಾವ ಕಲ್ಲು ಸಡಿಲವೆಂದು ಹೇಳಿ.

ಮಾದೇವಿ
ಬೀರಮ್ಮನ ಮೊಮ್ಮಗಳು