ಮೂರು ಮನೆ ಕೆಳಗಿನ ಶ್ರುತಿ

ಬ್ಯಾಡರಹಳ್ಳಿ
೩೧ ಅಕ್ಟೋಬರ್ ೨೦೨೫, ಶುಕ್ರವಾರ

ಗಾಯಕರೂ, ವಾದ್ಯವೃಂದದ ಮಾಲೀಕರೂ, ಕಾಗದಪತ್ರದ ಮಟ್ಟಿಗೆ ಇನ್ನೂ ನನ್ನ ಯಜಮಾನರೂ ಆದ ಮುರಳೀಕೃಷ್ಣ ಅವರಿಗೆ ಧನ್ಯಶ್ರೀ ಮಾಡುವ ನಮಸ್ಕಾರಗಳು.

ಅಪ್ಪ, ನಾನು ಇಬ್ಬರೂ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮ ಭಾನುವಾರ ಸಂಜೆಯವರೆಗೂ ಹೀಗೇ ಇರಲಿ, ಆಮೇಲಿನದನ್ನು ನಾನು ಹೇಳಲಾರೆ.

ನಿಮ್ಮ ಹಾಡುಗಳ ವಾದ್ಯದ ಟ್ರ್ಯಾಕ್‌ಗಳಿರುವ ಟ್ಯಾಬನ್ನು ನೀವು ಸೋಮವಾರ ಪಾರ್ಸೆಲ್‌ನವನ ಕೈಲಿ ಕಳಿಸಿದ್ದು ತಲುಪಿತು. ಜೊತೆಗಿದ್ದ ಚೀಟಿಯನ್ನೂ ಓದಿದೆ. ಹದಿನೆಂಟು ಹಾಡು, ಭಾನುವಾರಕ್ಕೆ ರೆಡಿ ಮಾಡು ಎಂದಷ್ಟೇ ಬರೆದಿದ್ದಿರಿ. ನಾನು ಮನೆ ಬಿಟ್ಟು ಬಂದು ಎರಡು ತಿಂಗಳಾಯಿತು, ಹೇಗಿದ್ದೀಯಾ ಎಂದು ಕೇಳಲು ಆ ಚೀಟಿಯಲ್ಲಿ ಜಾಗ ಸಾಲಲಿಲ್ಲವೇನೋ. ಇರಲಿ. ಹದಿನೆಂಟೂ ಮಾಡಿದ್ದೇನೆ. ಈ ಪತ್ರದ ಜೊತೆಯಲ್ಲೇ ಟ್ಯಾಬ್ ಇದೆ, ಚಾರ್ಜ್ ಕೂಡ ತುಂಬಿಸಿದ್ದೇನೆ.

ಮಾಗಡಿ ರಸ್ತೆಯಲ್ಲಿ ನಿಮ್ಮ ಫ್ಲೆಕ್ಸ್ ನೋಡಿದೆ. ಭಾನುವಾರ ಬಸವೇಶ್ವರನಗರದ ರಾಜ್ಯೋತ್ಸವದಲ್ಲಿ 'ಮೂಲ ಶ್ರುತಿಯಲ್ಲೇ ಹಾಡುವ ಏಕೈಕ ಗಾಯಕ' ಎಂದು ಹಾಕಿಸಿದ್ದೀರಿ. ಕೆಳಗೆ ನಿಮ್ಮ ಫೋಟೊ, ಕಣ್ಣು ಮುಚ್ಚಿಕೊಂಡು ಮೈಕ್ ಹಿಡಿದಿದ್ದೀರಿ. ಹೊಸ ಗಾಯಕನನ್ನು ಹುಡುಕುತ್ತಿರುವ ಕ್ಯಾಸೆಟ್ ಕಂಪನಿಯವರೂ (ಈಗ ಅವರನ್ನು ಏನೆಂದು ಕರೆಯುತ್ತಾರೋ) ಮುಂದಿನ ಸಾಲಿನಲ್ಲಿ ಕೂರುತ್ತಾರಂತೆ. ಹನ್ನೆರಡು ವರ್ಷದಿಂದ ನೀವು ಕಾಯುತ್ತಿದ್ದ ದಿನ. ಅದಕ್ಕೇ ಈ ಪತ್ರವನ್ನು ಇವತ್ತೇ ಬರೆಯುತ್ತಿದ್ದೇನೆ.

ಮೊದಲು ಅಪ್ಪನ ವಿಷಯ ಮುಗಿಸಿಬಿಡುತ್ತೇನೆ. ಅದನ್ನು ಬಾಯಲ್ಲಿ ಹೇಳಲು ಹೋದಾಗಲೆಲ್ಲ ಜಗಳವಾಗಿ ಅರ್ಧಕ್ಕೇ ನಿಂತಿದೆ.

ಆಷಾಢದಲ್ಲಿ ಕಾರ್ಯಕ್ರಮಗಳಿಲ್ಲದೆ ಎಲ್ಲರೂ ಖಾಲಿ ಕೂತಿದ್ದಾಗ ನೀವು ಅಪ್ಪನನ್ನು ನಮ್ಮ ಶ್ರೀಗಂಧದ ಕಾವಲ್ ಮನೆಗೆ ಕರೆಸಿದಿರಿ. ಡೋಲಕ್ಕಿನ ಒಂದೊಂದು ಪೆಟ್ಟನ್ನೂ ಬಿಡಿಬಿಡಿಯಾಗಿ ಮೈಕಿನ ಮುಂದೆ ಬಾರಿಸಿ ಕೊಡಿ, ನಿಮ್ಮ ಕೈ ಶಾಶ್ವತವಾಗಿ ಉಳಿಯುತ್ತೆ ಮಾವ ಎಂದಿರಿ. ಅಪ್ಪ ಮೂರು ದಿನ ಒಗೆದ ಅಂಗಿ ಹಾಕಿಕೊಂಡು ಬಂದರು. ಒಂದೇ ಪೆಟ್ಟನ್ನು ಮೆತ್ತಗೆ, ಸ್ವಲ್ಪ ಜೋರಾಗಿ, ಪೂರಾ ಜೋರಾಗಿ ಎಂದು ಹತ್ತು ಹತ್ತು ಸಲ ಬಾರಿಸಿದರು. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಮತ್ತೆ ಮೊದಲಿಂದ. ಬೇಸರ ಮಾಡಿಕೊಳ್ಳಲಿಲ್ಲ. ನಾಳೆ ನನ್ ಮೊಮ್ಮಕ್ಕಳು ಕೇಳ್ತಾವೆ ಬಿಡಮ್ಮ ಎಂದು ನನಗೆ ಹೇಳಿದರು.

ಆ ಪೆಟ್ಟುಗಳನ್ನು ಟ್ಯಾಬಿನ ಆಪ್‌ನಲ್ಲಿ ಸೇರಿಸಿದವಳು ನಾನು. ಪರದೆಯ ಮೇಲೆ ಸಣ್ಣ ಸಣ್ಣ ಚೌಕ ಇಡುತ್ತಾ ಹೋಗಬೇಕು, ಎಲ್ಲಿ ಚೌಕ ಇದೆಯೋ ಅಲ್ಲಿ ಅಪ್ಪನ ಪೆಟ್ಟು ಬೀಳುತ್ತದೆ. ಆಪ್ ಎಲ್ಲವನ್ನೂ ಗೆರೆಗೆ ಸರಿಯಾಗಿ ಕೂರಿಸುತ್ತದೆ. ಆದರೆ ಪಲ್ಲವಿ ಮುಗಿಯುವ ಕಡೆ ಅಪ್ಪನ ಕೈ ಒಂದು ಕೂದಲೆಳೆ ತಡವಾಗಿ ಬೀಳುತ್ತದಲ್ಲ, ಅದಕ್ಕಾಗಿ ಒಂದೊಂದು ಚೌಕವನ್ನೂ ಬೆರಳಿನಲ್ಲಿ ಅಷ್ಟಷ್ಟೇ ಪಕ್ಕಕ್ಕೆ ಸರಿಸಿದೆ. ಅಷ್ಟು ಪ್ರೀತಿಯಿಂದ ಮಾಡಿದೆ. ಅಷ್ಟು ಚೆನ್ನಾಗಿ ಮಾಡಿದರೆ ಅಪ್ಪ ಬೇಕಾಗುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇದುವರೆಗೂ ಯಾರ ಹತ್ತಿರವೂ ಒಪ್ಪಿಕೊಂಡಿಲ್ಲ, ನಿಮ್ಮ ಹತ್ತಿರ ಒಪ್ಪಿಕೊಳ್ಳುವ ಗತಿ ಬಂತು.

ನಂದಿನಿ ಲೇಔಟ್‌ನ ಗಣೇಶೋತ್ಸವದ ದಿನ ಅಪ್ಪ ಡೋಲಕ್ ಹೆಗಲಿಗೆ ಹಾಕಿಕೊಂಡು ಸ್ಟೇಜ್ ಹತ್ತಲು ಬಂದರು. ನೀವು ಮೆಟ್ಟಿಲ ಹತ್ತಿರವೇ ತಡೆದು, ಟ್ರ್ಯಾಕ್‌ನಲ್ಲೇ ಎಲ್ಲಾ ಇದೆಯಲ್ಲ ಮಾವ, ಆರಾಮಾಗಿ ಕೂತ್ಕೊಂಡು ಕೇಳಿ ಎಂದಿರಿ. ಮೂವತ್ತೆರಡು ವರ್ಷ ಸ್ಟೇಜ್ ಮೇಲೆ ಕೂತ ಹನುಮಯ್ಯನವರು ಎರಡನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತಮ್ಮ ಕೈಯನ್ನು ತಾವೇ ಕೇಳಿದರು. ಮುಗಿದ ಮೇಲೆ ನನ್ನ ಹತ್ತಿರ ಬಂದು, ಅದು ನನ್ ಕೈಯೇ ಕಣಮ್ಮ, ಆದ್ರೆ ಎರಡನೇ ಚರಣದಲ್ಲಿ ನಾನು ಅಷ್ಟೊಂದು ಬಾರಿಸ್ತಿರ್ಲಿಲ್ಲ, ಹಾಡೋರಿಗೆ ಜಾಗ ಬಿಡ್ತಿದ್ದೆ ಎಂದರು. ನಾನು ಮಾಡಿದ್ದೆಂದು ಅವರಿಗೆ ಗೊತ್ತಿತ್ತು. ಬೈಯಲಿಲ್ಲ. ಅವತ್ತೇ ನಿಮ್ಮ ಮನೆ ಬಿಟ್ಟೆ, ಅವತ್ತೇ ಇದನ್ನು ತೀರಿಸಿಕೊಳ್ಳದೆ ಬಿಡಬಾರದು ಎಂದೂ ಅಂದುಕೊಂಡೆ.

ಈಗ ನಿಮ್ಮ ವಿಷಯ.

ಮದುವೆಯಾದ ಹೊಸದರಲ್ಲಿ ಕೆಂಗೇರಿಯ ಒಂದು ಆರತಕ್ಷತೆಯಲ್ಲಿ ನೀವು ಹಾಡುವಾಗ ಮೇಲಿನ ಸ್ವರದಲ್ಲಿ ಗಂಟಲು ಒಡೆಯಿತು. ಮುಂದೆ ಕೂತಿದ್ದ ಮಕ್ಕಳು ನಕ್ಕರು. ನೀವು ಊಟ ಮಾಡದೆ ಬಂದಿರಿ, ಸ್ಕೂಟರ್ ಓಡಿಸುತ್ತಾ ಮೆಟ್ರೋ ಕೆಲಸದ ಧೂಳು ಗಂಟಲು ಹಿಡೀತು ಎಂದಿರಿ. ಹೌದು ರೀ ಎಂದೆ. ನನಗೆ ಅಯ್ಯೋ ಅನ್ನಿಸಿತ್ತು. ಮುಂದಿನ ಕಾರ್ಯಕ್ರಮದಲ್ಲಿ ನಿಮಗೆ ಹೇಳದೆ ಕೀಬೋರ್ಡಿನ ಶ್ರುತಿಯನ್ನು ಮೂರು ಮನೆ, ಅಂದರೆ ಮೂರು ಕೀಲಿಯಷ್ಟು, ಕೆಳಗೆ ಇಳಿಸಿ ನುಡಿಸಿದೆ. ಅಪ್ಪ ನನ್ನನ್ನೊಮ್ಮೆ ನೋಡಿ ಡೋಲಕ್ಕನ್ನೂ ಅದೇ ಶ್ರುತಿಗೆ ಸೇರಿಸಿಕೊಂಡರು. ನೀವು ಅದೇ ಹಾಡನ್ನು ಸಲೀಸಾಗಿ ಹಾಡಿದಿರಿ, ಜನ ಶಿಳ್ಳೆ ಹಾಕಿದರು. ಮನೆಗೆ ಬಂದು, ಕಂಡ್ಯಾ ಧನ್ಯಾ, ಒಂದು ವಾರ ಶುಂಠಿ ಕಷಾಯ ಕುಡಿದ್ರೆ ಗಂಟಲು ಹೆಂಗಾಗುತ್ತೆ ಎಂದಿರಿ.

ಆವತ್ತಿನಿಂದ ನೀವು ಒಂದೇ ಒಂದು ಹಾಡನ್ನೂ ಮೂಲ ಶ್ರುತಿಯಲ್ಲಿ ಹಾಡಿಲ್ಲ. ಕೀಬೋರ್ಡ್ ಹೋಗಿ ಟ್ಯಾಬ್ ಬಂದ ಮೇಲೆ ನನಗೆ ಇನ್ನೂ ಸುಲಭವಾಯಿತು. ಸ್ವರಗಳ ಚೌಕಗಳನ್ನೆಲ್ಲ ಒಟ್ಟಿಗೆ ಹಿಡಿದು ಮೂರು ಸಾಲು ಕೆಳಗೆ ಎಳೆದರೆ ಮುಗಿಯಿತು. ನೀವು ಆ ಆಪ್ ಒಳಗೆ ಯಾವತ್ತಾದರೂ ಇಣುಕಿದ್ದರೆ ಕಾಣುತ್ತಿತ್ತು. ಕಲಿತುಕೊಳ್ಳಿ ಎಂದಾಗಲೆಲ್ಲ, ಅದು ನಿನ್ ಕೆಲಸ, ನಾನು ಹಾಡೋನು ಎನ್ನುತ್ತಿದ್ದಿರಿ.

ನಾನು ಇದನ್ನು ಸಾಯುವವರೆಗೂ ಹೇಳುತ್ತಿರಲಿಲ್ಲ. ಆದರೆ ನಮ್ಮ ಜೊತೆ ಹಾಡುತ್ತಿದ್ದ ಫಕೀರೇಶ ನೆನಪಿದ್ದಾನಲ್ಲ? ಗದಗದ ಕಡೆಯಿಂದ ಬಂದು ಪೀಣ್ಯದಲ್ಲಿ ಕೆಲಸ ಮಾಡಿಕೊಂಡು ಭಾನುವಾರ ನಮ್ಮಲ್ಲಿ ಹಾಡುತ್ತಿದ್ದವನು. ನೆಗಡಿಯಾಗೇತ್ರೀ ಅಕ್ಕಾರ, ಇವತ್ತೊಂದಿನ ಒಂದ್ ಮನಿ ಇಳಸ್ರೀ ಎಂದು ಅವನು ನನ್ನನ್ನು ಕೇಳಿದ್ದಕ್ಕೆ ನೀವು ಎಲ್ಲರೆದುರು, ಶ್ರುತಿ ಇಳಿಸಿ ಹಾಡೋರು ನಮ್ ಟ್ರೂಪ್‌ಗೆ ಬೇಡ ಗುರು, ಬಾತ್‌ರೂಮ್‌ನಲ್ಲಿ ಹಾಡ್ಕೋ ಎಂದು ಕಳಿಸಿಬಿಟ್ಟಿರಿ. ನಾನು ಟ್ಯಾಬ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಆ ಕ್ಷಣದಲ್ಲಿ ನಿಮ್ಮ ಬಾಯಿ ಮುಚ್ಚಿಸಲು ನನಗೆ ಒಂದು ಮಾತು ಸಾಕಿತ್ತು. ಆಡಲಿಲ್ಲ. ಹೆಂಡತಿ ಎನ್ನುವ ಒಂದು ದಾಕ್ಷಿಣ್ಯ ಇತ್ತು.

ಈಗ ಆ ದಾಕ್ಷಿಣ್ಯ ಇಲ್ಲ. ಟ್ಯಾಬಿನಲ್ಲಿರುವ ಹದಿನೆಂಟು ಹಾಡುಗಳನ್ನೂ ಮೂರು ಮನೆ ಮೇಲಕ್ಕೆ, ಅವು ಹುಟ್ಟಿದ ಶ್ರುತಿಗೇ ತಂದಿಟ್ಟಿದ್ದೇನೆ. ನಿಮ್ಮ ಫ್ಲೆಕ್ಸ್‌ನಲ್ಲಿ ಬರೆದಿರುವುದನ್ನು ಮೊದಲ ಸಲ ನಿಜ ಮಾಡಿದ್ದೇನೆ. ನಾನು ಮೋಸ ಮಾಡಿದೆ ಎಂದು ನೀವು ಯಾರಿಗೂ ದೂರು ಹೇಳುವ ಹಾಗಿಲ್ಲ. ಮೋಸ ಇದ್ದದ್ದು ಮೊದಲು, ಅದನ್ನು ತೆಗೆದೆ.

ಬೇಕಾದರೆ ಇವತ್ತೇ ಒಂದು ಹಾಡು ಹಾಕಿ ನೋಡಿ. ಬಾಗಿಲು ಹಾಕಿಕೊಂಡು ಹಾಡಿ, ಅಕ್ಕಪಕ್ಕದವರಿಗೆ ಕೇಳಿಸೀತು. ಅದನ್ನು ಮತ್ತೆ ಇಳಿಸುವುದು ಬಲ್ಲವರಿಗೆ ಎರಡು ನಿಮಿಷದ ಕೆಲಸ. ರಾಜಾಜಿನಗರದಲ್ಲಿ ಕೀಬೋರ್ಡ್ ಕಲಿಸುವ ಯಾರನ್ನು ಕರೆದರೂ ಮಾಡಿಕೊಡುತ್ತಾರೆ. ಆದರೆ ಏನು ಮಾಡಬೇಕು ಎಂದು ಅವರಿಗೆ ನೀವೇ ಬಾಯಿ ಬಿಟ್ಟು ಹೇಳಬೇಕು. ನೀವು ಹೇಳಿದ ಸಂಜೆಯೇ ಊರಿನ ಆರ್ಕೆಸ್ಟ್ರಾದವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಅದು ಓಡಾಡುತ್ತದೆ. ಫಕೀರೇಶ ಎಲ್ಲ ಗುಂಪಿನಲ್ಲೂ ಇದ್ದಾನೆ.

ಇದನ್ನು ಬರೆಯುತ್ತಾ ನನಗೆ ಸಂಕಟವಾಗುತ್ತಿದೆ ಎಂದು ನೀವು ತಿಳಿದುಕೊಂಡರೆ ತಪ್ಪು. ಹೊಟ್ಟೆ ತಣ್ಣಗಿದೆ. ಇವತ್ತು ಮಧ್ಯಾಹ್ನ ಅಪ್ಪನಿಗೂ ನನಗೂ ಹುರುಳಿಕಾಳಿನ ಬಸ್ಸಾರು, ಮುದ್ದೆ ಮಾಡಿದ್ದೆ. ಎರಡು ತಿಂಗಳಲ್ಲಿ ಇವತ್ತು ಹೊಟ್ಟೆ ತುಂಬ ಉಂಡೆ.

ಇಂತಿ,
ನಿಮ್ಮನ್ನು ಇಷ್ಟು ವರ್ಷ ಚೆನ್ನಾಗಿ ಹಾಡಿಸಿದವಳು,
ಧನ್ಯಶ್ರೀ ಹನುಮಯ್ಯ

ತಾ.ಕ.: ಇನ್ನೊಂದು ವಿಷಯ ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಹದಿನೆಂಟೂ ಹಾಡುಗಳಿಂದ ಅಪ್ಪನ ಪೆಟ್ಟುಗಳನ್ನು ಒಂದೂ ಬಿಡದೆ ಅಳಿಸಿದ್ದೇನೆ. ವೀಣೆ, ಕೊಳಲು, ಪಿಟೀಲು ಎಲ್ಲ ಇವೆ, ತಾಳ ಇಲ್ಲ. ಭಾನುವಾರ ಅಪ್ಪನಿಗೆ ಬಿಡುವಿದೆ. ಕರೆದರೆ ಬರುತ್ತಾರೆ, ಅವರ ಸ್ವಭಾವ ನಿಮಗೆ ಗೊತ್ತು, ನನ್ನ ಹಾಗಲ್ಲ. ಆದರೆ ಫೋನಿನಲ್ಲಿ ಬೇಡ, ಟ್ಯಾಬ್ ಹಿಡಿದುಕೊಂಡು ಇಲ್ಲಿಗೇ ಬಂದು ಅವರ ಎದುರು ನಿಂತು ಕರೆಯಬೇಕು. ಅವರು ಹಳೆಯದೊಂದನ್ನೂ ಎತ್ತುವುದಿಲ್ಲ. ಡೋಲಕ್ ತೊಡೆಯ ಮೇಲೆ ಇಟ್ಟುಕೊಂಡು, ಯಾವ ಶ್ರುತಿಗೆ ಸೇರಿಸ್ಲಿ ಅಳಿಯಂದ್ರೇ ಎಂದು ಕೇಳುತ್ತಾರೆ, ಅಷ್ಟೇ. ಮೂರು ಮನೆ ಕೆಳಗೆ ಎಂದು ನೀವು ನಿಜ ಹೇಳಿದರೆ ಹಾಡುಗಳನ್ನು ಅದೇ ಶ್ರುತಿಗೆ ಇಳಿಸಿಕೊಡುತ್ತೇನೆ. ನಾನು ಅಡುಗೆಮನೆಯಲ್ಲೇ ಇರುತ್ತೇನೆ, ಸ್ವಲ್ಪ ಜೋರಾಗಿ ಹೇಳಿ.