ಬೇಲಿಯ ಮೇಲೆ ಹರಕು ಚಾಪೆ

ನುಕುಅಲೋಫಾ, ಟೋಂಗಾ
ಆಗಸ್ಟ್ ೧೪, ಶನಿವಾರ

ಲೂಪೆ ಅಕ್ಕನಿಗೆ ತಮ್ಮ ಸೆಮಿಸಿಯ ವಂದನೆಗಳು.

ಇಲ್ಲ, ಅರಸರು ತೀರಿಕೊಂಡಿಲ್ಲ. ನಿನ್ನೆ ಫೋನಿನಲ್ಲಿ ನೀವು ಕೇಳಿದಾಗ ಮಗಳು ಲೋಸೆ ಪಕ್ಕದಲ್ಲೇ ನಿಂತಿದ್ದಳು, ಮಾತು ಅರ್ಧಕ್ಕೇ ಬಿಟ್ಟೆ. ಇಷ್ಟು ದಿನ ಕಾಗದ ಬರೆಯದ್ದಕ್ಕೆ ಬೈಯಬೇಡಿ. ಹೆಂಡತಿ ಹೋದ ಮೇಲೆ ಈ ಮನೆಯಲ್ಲಿ ಪೆನ್ನು ಎಲ್ಲಿದೆಯೆಂದು ಹೇಳುವವರಿಲ್ಲ.

ಅರಸರು ಎರಡು ಭಾನುವಾರ ಚರ್ಚಿಗೆ ಬರಲಿಲ್ಲ, ನಡೆದದ್ದು ಅಷ್ಟೇ. ವಯಸ್ಸಾದವರು, ಮೊಣಕಾಲು ನೋವಿರಬಹುದು. ಆದರೆ ಕಾವಾ ಬೇರಿನ ರಸ ಕುಡಿಯಲು ಕೂತಲ್ಲೆಲ್ಲ ಅದೇ ಮಾತು. "ಹೃದಯದ ಡಾಕ್ಟ್ರು ವಿಮಾನದಲ್ಲಿ ಬಂದಿಳಿದ್ರಂತೆ," ಎಂದ ಮೀನು ಮಾರುವ ಟೋಕಿ.

"ನೀನು ನೋಡಿದ್ಯೇನೋ?" ಕೇಳಿದೆ.

"ನೋಡ್ದೆ ಮಾಮ. ಕೈಯಲ್ಲಿ ಪೆಟ್ಟಿಗೆ ಇತ್ತು."

ಪೆಟ್ಟಿಗೆ ಬ್ಯಾಂಡಿನವರ ಕೈಯಲ್ಲೂ ಇರುತ್ತದೆ. "ನೋ ಎವಿಡೆನ್ಸ್" ಎಂದೆ. ಕಾಲೇಜಿನ ಇಂಗ್ಲಿಷಿನಲ್ಲಿ ಉಳಿದಿರುವುದು ಅಂಥ ನಾಲ್ಕು ಮಾತು.

ಆ ಎವಿಡೆನ್ಸನ್ನು ನಾನೇ ಒದಗಿಸಿದೆ. ಸಾವಾದಾಗ ಸೊಂಟಕ್ಕೆ ಸುತ್ತಿಕೊಳ್ಳುವ ದೊಡ್ಡ ಹರಕು ಚಾಪೆಯನ್ನು ಬುಧವಾರ ಬೇಲಿಯ ಮೇಲೆ ಬಿಸಿಲಿಗೆ ಹಾಕಿದೆ. ಎದುರುಮನೆಯ ಹೀವಾ ಲೆಕ್ಕ ಹಾಕಿದಳು: ಹರಕು ಚಾಪೆ ಸುತ್ತುವುದು ತನಗಿಂತ ಮೇಲಿನ ಸ್ಥಾನದವರು ತೀರಿಕೊಂಡಾಗ, ಮನೆತನದಲ್ಲಿ ಸೆಮಿಸಿಗಿಂತ ಮೇಲೆ ಉಳಿದಿರುವುದು ಅಕ್ಕ ಒಬ್ಬಳೇ, ಅವಳು ಆಕ್ಲೆಂಡಿನಲ್ಲಿ ಗಟ್ಟಿಮುಟ್ಟಾಗಿದ್ದಾಳೆ, ಅವನ ಮಗಳು ಲೋಸೆ ಅರಮನೆಯ ಬಟ್ಟೆ ಒಗೆಯುತ್ತಾಳೆ. ಅಂದಮೇಲೆ ಹೋದವರು ಅರಸರೇ, ಇನ್ನೇನು ಬೇಕು? ಸಂಜೆಯೊಳಗೆ ಪೇಟೆಯಲ್ಲಿ ಕರಿ ಬಟ್ಟೆ ಖಾಲಿ. ಅರಸರ ಶೋಕ ಬಂದರೆ ಊರಲ್ಲಿ ಹಾಡು ಕುಣಿತ ನಿಲ್ಲುತ್ತದಲ್ಲ, ಮೇಲಿನ ಬೀದಿಯವರು ಮುಂದಿನ ವಾರದ ಮದುವೆಯನ್ನು ಮರುದಿನ ಬೆಳಿಗ್ಗೆಯೇ ಮುಗಿಸಿದರು. ಹಂದಿ ಸರಿಯಾಗಿ ಬೆಂದಿರಲಿಲ್ಲ.

ಗುರುವಾರ ಅರಮನೆಯ ಅಧಿಕಾರಿ ಲೋಸೆಯನ್ನು ಕರೆಸಿದರಂತೆ. "ಒಳಗಿನ ಮಾತು ಅಪ್ಪಂಗೆ ಹೇಳಿದ್ದು ನೀನೇ ತಾನೇ?"

"ನನ್ನ ಕೈಗೆ ಬರೋದು ದಿಂಬಿನ ಚೀಲ ಸ್ವಾಮಿ, ಅದಕ್ಕೆ ಬಾಯಿಲ್ಲ," ಎಂದಳಂತೆ ಇವಳು. ಅಪ್ಪ ಬಂದು ಕಾರಣ ಹೇಳುವವರೆಗೆ ಕೆಲಸಕ್ಕೆ ಬರಬೇಡವೆಂದು ಕಳಿಸಿದರು.

ಮನೆಗೆ ಬಂದವಳು ಚೀಲ ಕೂಡ ಇಳಿಸಲಿಲ್ಲ. "ಯಾಕೆ ತೆಗ್ದೆ ಅಪ್ಪಾ ಅದನ್ನ?"

"ಜಿರಳೆ ಆಗಿತ್ತು."

"ಮನೆ ತುಂಬ ಚಾಪೆ ಇದೆ. ಜಿರಳೆಗೆ ಅದೊಂದೇ ರುಚಿನಾ? ನನ್ನ ಕೆಲಸ ಹೋಗ್ತಿದೆ, ನಿಜ ಹೇಳು."

ಅಂದಿನಿಂದ ಟಾರೋ ಗಡ್ಡೆ ಬೇಯಿಸಿ ನನ್ನ ಮುಂದಿಟ್ಟು, ತಾನು ಅಂಗಳದಲ್ಲಿ ಕೂತು ತಿನ್ನುತ್ತಾಳೆ.

ಅಧಿಕಾರಿಗೆ ನಿಜ ಹೇಳಲೇಬೇಕು. ಅಲ್ಲಿ ಹೇಳಿದ್ದು ಹೀವಾಗೆ ಗೊತ್ತಾಗುತ್ತದೆ, ಅವಳಿಗೆ ಗೊತ್ತಾದದ್ದು ಆಕ್ಲೆಂಡಿಗೂ ಮುಟ್ಟುತ್ತದೆ. ಅದಕ್ಕೆ ಮೊದಲು ನಿಮಗೆ ನಾನೇ ತಿಳಿಸಬೇಕು. ಟೋಕಿ ಇವತ್ತು ರಾತ್ರಿಯ ವಿಮಾನಕ್ಕೆ ಅಲ್ಲಿಗೆ ಬರುತ್ತಿದ್ದಾನೆ, ಕಾಗದ ಅವನ ಕೈಯಲ್ಲಿ ಕೊಡುತ್ತೇನೆ. ಸೋಮವಾರ ಅರಮನೆಗೆ ಹೋಗುತ್ತೇನೆ.

ದೇವರು ನಿಮ್ಮ ಮಕ್ಕಳನ್ನು ಚೆನ್ನಾಗಿಟ್ಟಿರಲಿ. ಮೇಲಿನವರು ನೀವು, ಲೋಸೆಯ ತಲೆಯ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ ತಮ್ಮ,
ಸೆಮಿಸಿ

ಮರೆತದ್ದಲ್ಲ, ಕೊನೆಗೆಂದು ಉಳಿಸಿಕೊಂಡದ್ದು: ಮಂಗಳವಾರ ನಿಮ್ಮ ಮಗಳು ಫೋನು ಮಾಡಿದ್ದಳು. ಡಾಕ್ಟರು ನಿಮಗೆ ಕ್ರಿಸ್‌ಮಸ್‌ವರೆಗೆ ಮಾತ್ರ ಎಂದದ್ದು, ತಮ್ಮನಿಗೆ ತಿಳಿಸಬೇಡವೆಂದು ನೀವು ಹೇಳಿದ್ದು, ಎಲ್ಲ ಹೇಳಿ ಅತ್ತಳು. ಮರುದಿನ ಎದ್ದಾಗ ಕೈ ತಾನಾಗಿ ಆ ಚಾಪೆಗೆ ಹೋಯಿತು. ಊರೆಲ್ಲ ಅದು ಅರಸರಿಗೆ ಎಂದಾಗ ನಾನು ಸುಮ್ಮನಿದ್ದೆ, ಅಕ್ಕ. ಅವರು ಹಾಗೆಂದಷ್ಟು ದಿನ ಆ ಚಾಪೆ ನಿಮಗಾಗಿರಲಿಲ್ಲ.

ಬೆಳಕು ಹೋಗುತ್ತಿದೆ, ಗೆರೆ ಕಾಣಿಸುತ್ತಿಲ್ಲ. ನಿಲ್ಲಿಸುತ್ತೇನೆ.