ಎಂಜಿನ್ ಕೊಡಬೇಡ

ಅಪ್ಪ,

ಕಾರಿನ ತಳ ತುಕ್ಕು ಹಿಡಿದು ತೂತಾಗಿದೆಯಲ್ಲ, ಅದಕ್ಕೆ ತಗಡು ತರಲು ವೆಲ್ಡಿಂಗ್ ಅಂಗಡಿಗೆ ಹೋಗಿದ್ದೇನೆ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೋ.

ಡಿಕ್ಕಿಯಲ್ಲಿರುವ ಹೊಸ ಬ್ಯಾಟರಿಗಳನ್ನು ಮುಟ್ಟಬೇಡ. ನಿನ್ನ ಕಾಲದ ಬ್ಯಾಟರಿಗಳಲ್ಲ ಅವು, ಶಾಕ್ ಹೊಡೆದರೆ ಜೀವಕ್ಕೇ ಅಪಾಯ.

ಕರೆಂಟಿನ ಮೋಟರ್ ಕೂರಿಸಲು ನಾನು ಎಂಜಿನ್ ಇಳಿಸಿದ ದಿನ ನೀನು, "ಕಾರಿನ ಜೀವಾನೇ ಕಿತ್ತು ಹಾಕ್ಬಿಟ್ಟೆಯಲ್ಲೇ" ಅಂದೆ. ಅಂದಿನಿಂದ ಮುಖ ಕೊಟ್ಟು ಮಾತಾಡಿಲ್ಲ. ನನಗೂ ಸಿಟ್ಟು ಬಂದಿತ್ತು. ಇವತ್ತು ಬೆಳಿಗ್ಗೆ ಶೆಡ್ಡಿಗೆ ಹೋಗಿ ನೋಡಿದರೆ ಆ ಎಂಜಿನ್ ಫಳಫಳ ಹೊಳೆಯುತ್ತಿದೆ. ಗುಜರಿಗೆ ಹಾಕುವ ಎಂಜಿನ್ನನ್ನು ಯಾರಾದರೂ ಸೀಮೆಎಣ್ಣೆ ಹಾಕಿ ತಿಕ್ಕಿ ತೊಳೆಯುತ್ತಾರಾ ಅಪ್ಪ?

ಹನ್ನೊಂದಕ್ಕೆ ಗುಜರಿಯವನು ಬರುತ್ತಾನೆ. ರೇಡಿಯೇಟರ್, ಸೈಲೆನ್ಸರ್, ಪೆಟ್ರೋಲ್ ಟ್ಯಾಂಕು ಕೊಟ್ಟು ಕಳಿಸು. ಎಂಜಿನ್ ಕೇಳಿದರೆ ಅದು ಮಾರಾಟಕ್ಕಿಲ್ಲ ಅನ್ನು. ಶೆಡ್ಡಿನಲ್ಲಿ ನಿನ್ನ ಕುರ್ಚಿಯ ಪಕ್ಕ ಜಾಗ ಮಾಡಿದ್ದೇನೆ.

ಭಾನುವಾರ ಕಾರನ್ನು ರಸ್ತೆಗೆ ಇಳಿಸುತ್ತೇನೆ. ಮೋಟರಿಗೆ ಸದ್ದೇ ಇಲ್ಲ, ಆದ್ದರಿಂದ ಬ್ರೇಕು, ಬೇರಿಂಗು ಎಲ್ಲಿ ಕಿರುಗುಟ್ಟಿದರೂ ಕೇಳಿಸುತ್ತದೆ. ಯಾವುದು ಯಾವ ಸದ್ದು ಅಂತ ನನಗೆ ತಿಳಿಯುವುದಿಲ್ಲ, ನಿನಗೆ ತಿಳಿಯುತ್ತದೆ. ಪಕ್ಕದ ಸೀಟಿನಲ್ಲಿ ಬಂದು ಕೂತುಕೋ. ಮಾತಾಡದಿದ್ದರೂ ಪರವಾಗಿಲ್ಲ, ಸದ್ದು ಬಂದ ಕಡೆ ಕೈ ತೋರಿಸಿದರೆ ಸಾಕು.